ಮೈಲೇಜ್ ಆಮೇಲೆ, ಪಾರ್ಕಿಂಗ್‌ನಲ್ಲಿ ಪ್ಲಗ್ ಇದ್ಯಾ ಹೇಳಿ

ದಿನಾ 40 ಕಿಮೀ ಬೆಂಗಳೂರು ಟ್ರಾಫಿಕ್ಕು, ತಿಂಗಳಿಗೊಂದ್ಸಲ ಶಿವಮೊಗ್ಗ, ಮೈಲೇಜಲ್ಲಿ ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿನೂ ಇರೋ ಹೈಬ್ರಿಡ್ ಕಾರ್ ಮೇಲಾ, ಬರೀ ಬ್ಯಾಟರಿ ಮೇಲೆ ಓಡೋ ಇವಿ ಮೇಲಾ ಅಂತ ಕೇಳಿದೀರ. ಎರಡು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಇಟ್ಕೊಂಡು ರಾತ್ರಿ ಎರಡು ಗಂಟೆವರೆಗೆ ಎಕ್ಸೆಲ್ ಮಾಡ್ತಾ ಕೂತಿದ್ದೆ, ಕೊನೆಗೆ ಹೆಂಡ್ತಿ ಬಂದು ಲೈಟ್ ಆಫ್ ಮಾಡಿದ್ಲು.

ಲೆಕ್ಕ ತಪ್ಪಿರಲಿಲ್ಲ ನೋಡಿ. ಒಂದು ಲೀಟರ್ ಪೆಟ್ರೋಲಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರತ್ತೆ, ಇವಿ ಒಂದು ಯೂನಿಟ್‌ಗೆ 7 ಕಿಮೀ ಓಡಿದ್ರೂ ಲೀಟರ್ ಲೆಕ್ಕದಲ್ಲಿ 60 ಕಿಮೀ ದಾಟತ್ತೆ, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ದು ಎಆರ್‌ಎಐ (ಕಾರುಗಳ ಮೈಲೇಜ್ ಟೆಸ್ಟ್ ಮಾಡೋ ಸಂಸ್ಥೆ) ಅಂಕಿನೇ ಲೀಟರ್‌ಗೆ 27.97. ಇದ್ರಲ್ಲಿ ಹೋಲಿಸೋಕೆ ಏನಿದೆ? ಇವಿ ಬುಕ್ ಮಾಡ್ದೆ.

ತಪ್ಪಾಗಿದ್ದು ಬೇರೆ ಕಡೆ. ಎಕ್ಸೆಲ್‌ನಲ್ಲಿ ಕರೆಂಟ್ ರೇಟು ಅಂತ ಮನೆ ರೇಟು, ಸುಮಾರು 6 ರೂಪಾಯಿ ಹಾಕಿದ್ದೆ. ಆದ್ರೆ ನಮ್ಮನೆ ಮೀಟರ್ ಇರೋದು ಅಪಾರ್ಟ್‌ಮೆಂಟಿನ ಆ ತುದಿಯಲ್ಲಿ, ನನ್ನ ಪಾರ್ಕಿಂಗ್ ಈ ತುದಿ ಬೇಸ್‌ಮೆಂಟಲ್ಲಿ. ಬುಕ್ ಮಾಡೋ ಮುಂಚೆ ಮೀಟರಿಂದ ಪಾರ್ಕಿಂಗ್‌ಗೆ ಕೇಬಲ್ ಎಳೀಬೋದಾ ಅಂತ ಅಸೋಸಿಯೇಷನ್ ಸೆಕ್ರೆಟರಿನ ಲಿಫ್ಟಲ್ಲಿ ಕೇಳಿದ್ದೆ, "ನೋಡೋಣ ಬಿಡಿ ಸಾರ್, ಮಾಡೋಣ" ಅಂದ್ರು. ನಲವತ್ತು ವರ್ಷದಿಂದ ಕನ್ನಡ ಮಾತಾಡ್ತಿದೀನಿ, "ನೋಡೋಣ" ಅಂದ್ರೆ ಇಲ್ಲ ಅಂತ ಅರ್ಥ ಅಂತ ಗೊತ್ತಿಲ್ವಾ ನಂಗೆ? ಹುಡುಗಿ ಮನೆಯವ್ರು ನೋಡೋಣ ಅಂದಾಗ ಅರ್ಥ ಆಗಿತ್ತು, ಇದು ಮಾತ್ರ ಆಗ್ಲಿಲ್ಲ. ಬರೆದು ಕೊಡಿ ಅಂತ ಒಂದು ಇಮೇಲ್ ಹಾಕಿದ್ರೆ ಮುಗೀತಿತ್ತು. ಹಾಕ್ಲಿಲ್ಲ. ಕಾರ್ ಬಂತು, ಶೋರೂಂನವ್ರು ಕೊಟ್ಟ ಚಾರ್ಜರ್ ಡಬ್ಬ ಬಿಚ್ಚದೇ ಡಿಕ್ಕಿಯಲ್ಲೇ ಉಳೀತು, ಬೆಂಕಿ ಹತ್ಕೊಂಡ್ರೆ ಯಾರು ಜವಾಬ್ದಾರಿ ಅಂತ ಒಬ್ರು, ಕೇಬಲ್ ಎಳೆದ್ರೆ ಗೋಡೆ ಪೇಂಟ್ ಹಾಳು ಅಂತ ಇನ್ನೊಬ್ರು, ಹೀಗೇ 11 ತಿಂಗಳು!

ಅಷ್ಟೂ ದಿನ ಹೊರಗಡೆ ಫಾಸ್ಟ್ ಚಾರ್ಜರಲ್ಲಿ ಜಿಎಸ್‌ಟಿ ಸೇರಿ ಯೂನಿಟ್‌ಗೆ 22 ರೂಪಾಯಿ ತೆತ್ತೆ. ಇದೇ ರೇಟಲ್ಲಿ ಲೆಕ್ಕ ಹೇಳ್ತೀನಿ: ತಿಂಗಳಿಗೆ ಸಾವಿರ ಕಿಮೀ, ಚಾರ್ಜಿಂಗಲ್ಲಿ ಹೋಗೋ ಲಾಸೂ ಸೇರಿ ಮನೇಲಾದ್ರೆ ಸಾವಿರ ರೂಪಾಯಿ ಒಳಗೆ, ಹೊರಗೆ 3,300. ಸಿಟೀಲಿ ಲೀಟರ್‌ಗೆ 21 ಕೊಡೋ ನಮ್ಮ ಭಾವನ ಹೈಬ್ರಿಡ್‌ಗೆ, ಪೆಟ್ರೋಲ್ 103 ರೂಪಾಯಿ ಅಂತ ಹಿಡಿದ್ರೆ, 4,900. ಆಗ್ಲೂ ನಾನೇ ಗೆದ್ದೆ ಅನ್ಬೋದು, ಆದ್ರೆ ಭಾನುವಾರ ಬೆಳಗ್ಗೆ ಕ್ಯೂನಲ್ಲಿ ಕೂತು ಫ್ಲಾಸ್ಕ್ ಕಾಫಿ ಕುಡಿಯೋನಿಗೆ ಆ 1,600 ರೂಪಾಯಿ ಗೆಲುವು ಅನ್ಸಲ್ಲ.

ಇಂಥ ಸ್ಟ್ರಾಂಗ್ ಹೈಬ್ರಿಡ್ ಬಗ್ಗೆ ಒಂದೇ ಮಾತು. ಅದರ ಬ್ಯಾಟರಿಗೆ ಬರೋ ಕರೆಂಟೂ ನೀವು ಹಾಕಿಸಿದ ಪೆಟ್ರೋಲಿಂದ್ಲೇ, ಪ್ಲಗ್ ಅನ್ನೋದೇ ಇಲ್ಲ. ಸಿಲ್ಕ್ ಬೋರ್ಡ್ ಜಾಮಲ್ಲಿ ಇಂಜಿನ್ ಆಫ್ ಆಗಿ ಬ್ಯಾಟರಿ ಮೇಲೆ ತೆವಳತ್ತೆ, ಬ್ರೇಕ್ ಹೊಡೆದಾಗೆಲ್ಲ ಸ್ವಲ್ಪ ಚಾರ್ಜ್ ಆಗತ್ತೆ, ಅಲ್ಲಿ ಉಳಿತಾಯ ಇದೆ. ತುಮಕೂರು ರೋಡಲ್ಲಿ ನೂರರಲ್ಲಿ ಹೋಗ್ತಿದ್ರೆ ಬ್ರೇಕೂ ಕಮ್ಮಿ ಉಳಿತಾಯಾನೂ ಕಮ್ಮಿ, ಹೆಚ್ಚುಕಮ್ಮಿ ಪೆಟ್ರೋಲ್ ಕಾರೇ. ಹೈವೇಲಿ ಇವಿ ರೇಂಜೂ ಬೀಳತ್ತೆ, ಅರಸೀಕೆರೆ ಹತ್ರ ಒಂದ್ಸಲ ಎಸಿ ಆಫ್ ಮಾಡಿ ಬೆವರ್ಕೊಂಡು ಹೋಗಿದೀನಿ.

ಹಾಗಾಗಿ ನಿಮ್ಮ ಪ್ರಶ್ನೆನೇ ಸರಿ ಇಲ್ಲ ಅಂತೀನಿ, ಬೇಜಾರ್ ಮಾಡ್ಕೋಬೇಡಿ. ಸ್ವಂತ ಪ್ಲಗ್ ಇದ್ರೆ ಕಣ್ಣು ಮುಚ್ಚಿ ಇವಿ, ಇಲ್ಲಾಂದ್ರೆ ಹೈಬ್ರಿಡ್. ಇವತ್ತು ಸಂಜೆ ಒಂದು ಟೇಪ್ ತಗೊಂಡು ಮೀಟರ್ ರೂಮಿಂದ ನಿಮ್ಮ ಪಾರ್ಕಿಂಗ್‌ವರೆಗೆ ಅಳೀರಿ. ನಮ್ದು 62 ಮೀಟರ್ ಬಂತು, ಕೇಬಲ್ ದುಡ್ಡು ಕೊನೆಗೆ ನಾನೇ ಕೊಟ್ಟೆ, ಪೇಂಟೂ ನಾನೇ ಹೊಡೆಸಿದೆ.