ನಾಲ್ಕು ವರ್ಕರ್, ಒಂದೇ ಸ್ಟಾಕ್ ಲೆಕ್ಕ: ಒಂದಕ್ಕೆ ಇಳಿಸಿದರೆ ಸಾಕಾ?

ನೀವು ಕೇಳಿದ್ದು ಇದು: ಪೋಸ್ಟ್‌ಗ್ರೆಸ್ ಡೇಟಾಬೇಸ್. ರಾತ್ರಿ ನಾಲ್ಕು ವರ್ಕರ್‌ಗಳು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು) 500 ರಸೀದಿಗಳ ಬ್ಯಾಚ್ ಎತ್ತಿಕೊಂಡು ಗೋದಾಮುಗಳ ಸ್ಟಾಕ್ ತಿದ್ದುತ್ತವೆ. ಬೆಳಿಗ್ಗೆ ಮೊತ್ತ ತಾಳೆಯಾಗುವುದಿಲ್ಲ, ನಡುನಡುವೆ ಡೆಡ್‌ಲಾಕ್ (ಒಂದಕ್ಕೊಂದು ಕಾಯುತ್ತ ಸಿಕ್ಕಿಹಾಕಿಕೊಳ್ಳುವುದು) ಬೇರೆ. ಒಂದೇ ವರ್ಕರ್ ಇಟ್ಟರೆ ಸರಿಹೋಗುತ್ತಾ?

ಅರ್ಧ ಸರಿಹೋಗುತ್ತದೆ. ಉಳಿದ ಅರ್ಧವೇ ಅಪಾಯದ್ದು. ಗೋಣಿಕೊಪ್ಪದ ಒಂದು ಕಾಫಿ ಖರೀದಿ ಗೋದಾಮಿಗೆ ಇದೇ ಥರದ ಸಾಫ್ಟ್‌ವೇರ್ ನಾನು ನೋಡಿಕೊಳ್ಳುತ್ತೇನೆ, ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಮೊತ್ತ ಯಾಕೆ ಕಮ್ಮಿ ಬರುತ್ತದೆ ಅಂತ ನೋಡೋಣ. ಸ್ಟಾಕ್ 1,200 ಚೀಲ ಇದೆ. ಇಬ್ಬರು ವರ್ಕರ್‌ಗಳು ಒಟ್ಟಿಗೇ ಅದನ್ನು ಓದುತ್ತಾರೆ. ಒಬ್ಬ 40 ಕೂಡಿಸಿ 1,240 ಬರೆಯುತ್ತಾನೆ, ಇನ್ನೊಬ್ಬ 25 ಕೂಡಿಸಿ 1,225 ಬರೆಯುತ್ತಾನೆ. ಇರಬೇಕಾದದ್ದು 1,265. ಐವತ್ತು ಕೆಜಿ ಚೀಲದ ಲೆಕ್ಕದಲ್ಲಿ ಎರಡು ಟನ್ ಕಾಫಿ ಕಾಗದದ ಮೇಲೆ ಮಾಯ. ಹಾಗಾಗಿ ಓದಿ, ಕೋಡ್‌ನಲ್ಲಿ ಕೂಡಿಸಿ, ವಾಪಸ್ ಬರೆಯುವುದನ್ನು ಬಿಡಿ. ‘ಈಗಿರುವ ಸ್ಟಾಕ್‌ಗೆ 40 ಕೂಡಿಸು’ ಅಂತ ಒಂದೇ ಅಪ್‌ಡೇಟ್‌ನಲ್ಲಿ ಡೇಟಾಬೇಸಿಗೇ ಹೇಳಿ. ಎರಡನೆಯವನು ಮೊದಲನೆಯವನ ಕಮಿಟ್ ಆಗುವವರೆಗೆ, ಅಂದರೆ ಅವನ ಬದಲಾವಣೆ ಖಾಯಂ ಆಗುವವರೆಗೆ ಕಾದು, ಹೊಸ ಸಂಖ್ಯೆಯ ಮೇಲೆಯೇ ಕೂಡಿಸುತ್ತಾನೆ. ವರ್ಕರ್ ಒಂದೇ ಇದ್ದರೂ ಇದು ಬೇಕು, ಯಾಕೆಂದರೆ ಕೌಂಟರ್‌ನಲ್ಲಿ ಕೂತವರು ಯಾರಾದರೂ ಟೇಬಲ್‌ನಲ್ಲಿ ಆ ಗೋದಾಮಿನ ಅದೇ ಸಾಲನ್ನು ತಿದ್ದುತ್ತಿರಬಹುದು.

ಡೆಡ್‌ಲಾಕ್ ಅಂದರೆ ತೋಟದ ಒಂಟಿ ದಾರಿಯಲ್ಲಿ ಎರಡು ಪಿಕಪ್ ಎದುರುಬದುರಾದ ಹಾಗೆ. ಒಂದು ಬ್ಯಾಚ್ ಗೋಣಿಕೊಪ್ಪದ ಸಾಲನ್ನು ಲಾಕ್ ಮಾಡಿ ಹಿಡಿದು ಸಿದ್ದಾಪುರದ್ದಕ್ಕೆ ಕಾಯುತ್ತದೆ, ಇನ್ನೊಂದು ಸಿದ್ದಾಪುರದ್ದು ಹಿಡಿದು ಗೋಣಿಕೊಪ್ಪದ್ದಕ್ಕೆ. ಸುಮ್ಮನೆ ಬಿಟ್ಟರೆ ಪೋಸ್ಟ್‌ಗ್ರೆಸ್ ಒಂದು ಸೆಕೆಂಡ್ ಕಾದು ಪರೀಕ್ಷಿಸಿ, ಒಂದು ಟ್ರಾನ್ಸಾಕ್ಷನ್ನನ್ನು (ಎಲ್ಲವೂ ಆಗಬೇಕು, ಇಲ್ಲವೇ ಒಂದೂ ಆಗಬಾರದು ಎನ್ನುವ ಬದಲಾವಣೆಗಳ ಗುಂಪನ್ನು) ರದ್ದು ಮಾಡುತ್ತದೆ. ಎಲ್ಲರೂ ಒಂದೇ ದಿಕ್ಕಿಗೆ ಹೋದರೆ ಎದುರಾಗುವುದೇ ಇಲ್ಲ: ಬ್ಯಾಚಿನೊಳಗೆ ಗೋದಾಮುವಾರು ಮೊತ್ತ ಕೂಡಿಸಿಕೊಳ್ಳಿ, ಗೋದಾಮಿನ ಐಡಿ ಪ್ರಕಾರ ಜೋಡಿಸಿ, ಗೋದಾಮಿಗೆ ಒಂದೇ ಅಪ್‌ಡೇಟ್ ಮಾಡಿ, ಅದನ್ನೂ ಟ್ರಾನ್ಸಾಕ್ಷನ್ನಿನ ಕೊನೆಯಲ್ಲಿ. ಆಗ ಲಾಕ್ ಹಿಡಿದಿರುವ ಹೊತ್ತೂ ಕಡಿಮೆ. ನಡುವೆ ಎಸ್‌ಎಂಎಸ್ ಕಳಿಸುವುದು, ಪ್ರಿಂಟ್ ತೆಗೆಯುವುದು ಬೇಡವೇ ಬೇಡ.

ಈಗ ನಿಜವಾದ ಅಪಾಯ. ಮಾರ್ಚ್ ತಿಂಗಳು, ರೋಬಸ್ಟಾ ಇನ್ನೂ ಬರುತ್ತಿತ್ತು. ರಾತ್ರಿ ಹೂಮಳೆ ಗುಡುಗಿನೊಂದಿಗೆ ಬಂತು, ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ನನ್ನ ಜಾಬ್, ಅಂದರೆ ರಾತ್ರಿ ಬ್ಯಾಚ್ ಓಡಿಸುವ ಪ್ರೋಗ್ರಾಂ, ಪ್ರತಿ ರಸೀದಿಗೂ ಕಮಿಟ್ ಮಾಡುತ್ತಿತ್ತು, ‘ಮುಗಿಯಿತು’ ಎಂಬ ಗುರುತನ್ನು ಮಾತ್ರ ಬ್ಯಾಚಿನ ಕೊನೆಗೆ ಹಾಕುತ್ತಿತ್ತು. ಕರೆಂಟ್ ಬಂದ ಮೇಲೆ ಬ್ಯಾಚ್ ಮೊದಲಿಂದ ಓಡಿತು. ಬೆಳಿಗ್ಗೆ ಹಿರಿಯ ಬೆಳೆಗಾರರೊಬ್ಬರು ಜೇಬಿನಿಂದ ಚೀಟಿ ತೆಗೆದು, ‘ನಾನು ಕೊಟ್ಟದ್ದು 18 ಚೀಲ, ನೀವು 36 ಅಂತ ಬರೆದಿದ್ದೀರಿ’ ಅಂದರು. ಅವರು ಸುಮ್ಮನಿದ್ದಿದ್ದರೆ ನನಗೆ ಎಷ್ಟು ದಿನ ಗೊತ್ತಾಗುತ್ತಿತ್ತೋ. ಅವತ್ತು ಓಡುತ್ತಿದ್ದದ್ದು ಒಂದೇ ವರ್ಕರ್, ಗಮನಿಸಿ.

ಜಾಬ್ ಎರಡು ಸಲ ಓಡಿಯೇ ಓಡುತ್ತದೆ ಅಂತಲೇ ಬರೆಯಿರಿ. ನಾನು ಆಮೇಲೆ ಮಾಡಿದ್ದು: ಒಂದು ಜಮಾ ಟೇಬಲ್, ಅದರಲ್ಲಿ ರಸೀದಿ ಸಂಖ್ಯೆಗೆ ಯುನಿಕ್ ನಿರ್ಬಂಧ, ಅಂದರೆ ಒಂದೇ ಸಂಖ್ಯೆ ಎರಡು ಸಲ ಸೇರುವಂತಿಲ್ಲ. ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ (ಆಗಲೇ ಇದ್ದರೆ ಸುಮ್ಮನಿರು) ಹಾಕಿ ಸೇರಿಸುತ್ತೇನೆ, ನಿಜವಾಗಿ ಹೊಸದಾಗಿ ಸೇರಿದ ಸಾಲುಗಳ ಚೀಲಗಳನ್ನಷ್ಟೇ ಸ್ಟಾಕ್‌ಗೆ ಕೂಡಿಸುತ್ತೇನೆ. ಎರಡೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ. ಇದನ್ನು ಬೇರೆ ಮಾಡಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಯಾವಾಗ ಬೇಕಾದರೂ ಜಮಾ ಟೇಬಲ್ ಕೂಡಿಸಿ ಸ್ಟಾಕ್ ಜೊತೆ ತಾಳೆ ನೋಡಬಹುದು.

‘ಸ್ಕಿಪ್ ಲಾಕ್ಡ್’ (ಬೇರೆಯವರು ಲಾಕ್ ಮಾಡಿದ ಸಾಲನ್ನು ಬಿಟ್ಟು ಮುಂದೆ ಹೋಗುವುದು) ಬಗ್ಗೆಯೂ ಕೇಳಿದ್ದೀರಿ. ಪೋಸ್ಟ್‌ಗ್ರೆಸ್ 9.5ರಿಂದ ಇದೆ. ವರ್ಕರ್‌ಗಳು ರಸೀದಿ ಹಂಚಿಕೊಳ್ಳುವುದಕ್ಕೆ ತುಂಬ ಒಳ್ಳೆಯದು. ಸ್ಟಾಕ್ ಸಾಲಿಗೆ ಮಾತ್ರ ಬಳಸಬೇಡಿ. ಅಲ್ಲಿ ಸಾಲು ಬಿಟ್ಟರೆ ಲೆಕ್ಕವನ್ನೇ ಬಿಟ್ಟಂತೆ.

ಇಷ್ಟು ಮಾಡಿದ ಮೇಲೆ ವರ್ಕರ್ ಎಷ್ಟಿರಬೇಕು ಅನ್ನುವುದು ಬರೀ ವೇಗದ ಪ್ರಶ್ನೆ. ಆದರೆ ನಂಬುವ ಮುಂಚೆ ಬ್ಯಾಚ್ ಓಡುವಾಗಲೇ ವರ್ಕರ್ ಕೊಂದು ನೋಡಿ, ಮತ್ತೆ ಓಡಿಸಿ, ಮೊತ್ತ ತಾಳೆ ಮಾಡಿ. ನಾವು ಪ್ರತಿ ವರ್ಷ ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ ಟೆಸ್ಟ್ ಮಶೀನಿನ ಪ್ಲಗ್ಗನ್ನೇ ಕೀಳುತ್ತೇವೆ.