ಲೈವ್ ರಾಕ್ ಪೂರ್ತಿ ಮುಳುಗಿಸಿ ಒಯ್ಯಬೇಕಿಲ್ಲ

14 ಗಂಟೆ ಕಾರು ಪ್ರಯಾಣ, 30 ಕೆಜಿ ಲೈವ್ ರಾಕ್ (ಉಪ್ಪುನೀರಿನ ಅಕ್ವೇರಿಯಂನಲ್ಲಿಡುವ, ಬ್ಯಾಕ್ಟೀರಿಯಾ ಮತ್ತು ಸಣ್ಣ ಜೀವಿಗಳು ನೆಲೆಸಿದ ಕಲ್ಲು), ಎಲ್ಲವನ್ನೂ ನೀರಲ್ಲಿ ಮುಳುಗಿಸಿಯೇ ಒಯ್ಯಬೇಕಾ ಅಂತ ಕೇಳಿದ್ದೀರಿ. ಬೇಡ. ಕಲ್ಲಿನಲ್ಲಿರುವ ಬ್ಯಾಕ್ಟೀರಿಯಾಗೆ ಬೇಕಾದದ್ದು ತೇವ ಮತ್ತು ಆಮ್ಲಜನಕ. ಮುಚ್ಚಿದ ಬಕೆಟ್ಟಿನ ನಿಂತ ನೀರಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಅದಕ್ಕಿಂತ ಒದ್ದೆ ಪೇಪರ್ ಸುತ್ತಿದ ಕಲ್ಲೇ ವಾಸಿ, ಭಾರವೂ ಕಮ್ಮಿ.

ಕಲ್ಲು ಅಲುಗಾಡಿಸುವ ಮುಂಚೆಯೇ ಟ್ಯಾಂಕಿನ ತಿಳಿನೀರನ್ನು ಕ್ಯಾನುಗಳಿಗೆ ತುಂಬಿಕೊಳ್ಳಿ. ಆಮೇಲೆ ಹೋದರೆ ಸಿಗುವುದು ಬರೀ ರಾಡಿ. ಅದೇ ನೀರಲ್ಲಿ ನ್ಯೂಸ್‌ಪೇಪರ್ ಅದ್ದಿ ಪ್ರತಿ ಕಲ್ಲಿಗೂ ಎರಡು ಮೂರು ಸುತ್ತು ಸುತ್ತಿ ಥರ್ಮೋಕೋಲ್ ಡಬ್ಬದಲ್ಲಿಡಿ. ನಲ್ಲಿ ನೀರು ಮಾತ್ರ ಬೇಡವೇ ಬೇಡ. ದಾರಿಯಲ್ಲಿ ಪೇಪರ್ ಒಣಗಿದಂತೆ ಕಂಡರೆ ಕ್ಯಾನಿನ ನೀರನ್ನೇ ಚಿಮುಕಿಸಿ.

ಹವಳ, ಅನಿಮೋನಿ (ಹೂವಿನಂತೆ ಕಾಣುವ ಸಮುದ್ರಜೀವಿ), ದಪ್ಪ ಸ್ಪಂಜು ಅಂಟಿರುವ ಕಲ್ಲುಗಳ ಮಾತೇ ಬೇರೆ. ಅವು ನೀರಲ್ಲೇ ಇರಲಿ, ಬ್ಯಾಟರಿ ಏರ್ ಪಂಪ್ ಓಡುತ್ತಿರಲಿ. ಸ್ಪಂಜಿನೊಳಗೆ ಗಾಳಿ ಸಿಕ್ಕಿಕೊಂಡರೆ ಸಾಯುತ್ತದೆ, ಅದು ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಹಿಂದೆಯೇ ಬರುತ್ತದೆ. ನಾನು ಒಮ್ಮೆ ಇದನ್ನು ಲೆಕ್ಕಿಸದೆ ಎಲ್ಲವನ್ನೂ ಪೇಪರಿನಲ್ಲೇ ಸುತ್ತಿದ್ದೆ. ಮೂರನೇ ದಿನ ಕಿತ್ತಳೆ ಬಣ್ಣದ ಸ್ಪಂಜು ಬೂದಿ ಬಣ್ಣಕ್ಕೆ ತಿರುಗಿ ಲೋಳೆಯಾಗಿ ಕಳಚಿತ್ತು.

ತಲುಪಿದ ಮೇಲೆ ಕಲ್ಲನ್ನು ಮೂಸಿ ನೋಡಿ. ಸಮುದ್ರದ ವಾಸನೆ ಬಂದರೆ ಸರಿ. ಕೊಳೆತ ಮೊಟ್ಟೆಯ ನಾತವಿದ್ದರೆ ಸತ್ತ ಭಾಗ ಬ್ರಷ್‌ನಿಂದ ಉಜ್ಜಿ, ಪ್ರತ್ಯೇಕ ಟಬ್ಬಿನಲ್ಲಿ ಇಡಿ. ಟಬ್ಬಿನ ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ಉಷ್ಣಾಂಶ 25 ಡಿಗ್ರಿ ಆಸುಪಾಸು, ನೀರಿನ ಓಟ ಜೋರಾಗಿರಲಿ. ಡಬ್ಬದ ತಳದಲ್ಲಿ ಬ್ರಿಸಲ್ ಹುಳು (ಮೈಮೇಲೆ ಸಣ್ಣ ಮುಳ್ಳುಗಳಿರುವ ಸಮುದ್ರದ ಹುಳು) ಕಂಡರೆ ಬರಿಗೈ ಹಾಕಬೇಡಿ, ಮುಳ್ಳು ಚುಚ್ಚಿ ದಿನವಿಡೀ ಉರಿಯುತ್ತದೆ. ನೀರಿನ ಪರೀಕ್ಷೆಯಲ್ಲಿ ಅಮೋನಿಯಾ ಕೆಲವು ದಿನ ಸತತವಾಗಿ ಸೊನ್ನೆ ತೋರಿಸುವವರೆಗೆ ಮೀನು ಬಿಡಬೇಡಿ.