ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಬೆಂಕಿ ಉಂಡೆಯಾಗಿ ಯಾಕೆ ಬರಬೇಕು? ರಾಕೆಟ್ ಉರಿಸಿ ನಿಧಾನವಾಗಿ ಇಳಿಯಬಾರದಾ?

ಇಳಿಯಬಹುದು, ಆದರೆ ಅಷ್ಟು ಇಂಧನವನ್ನು ಮೇಲಕ್ಕೆ ಹೊರೋರು ಯಾರು? ಕಕ್ಷೆಯಲ್ಲಿ ನೌಕೆಯ ವೇಗ ಸೆಕೆಂಡಿಗೆ ಸುಮಾರು 7.7 ಕಿ.ಮೀ. ಅಂದರೆ ನಮ್ಮ ತುಮಕೂರಿನಿಂದ ಬೆಂಗಳೂರಿಗೆ ಹತ್ತೇ ಸೆಕೆಂಡು (ಕ್ಯಾತ್ಸಂದ್ರ ಟೋಲ್‌ನಲ್ಲಿ ನಿಲ್ಲಿಸದಿದ್ದರೆ!). ಅದನ್ನೆಲ್ಲ ರಾಕೆಟ್ ಉರಿಸಿಯೇ ಕಳೆಯಬೇಕೆಂದರೆ 1 ಟನ್ ನೌಕೆಗೆ ಹತ್ತು ಟನ್ನಿಗೂ ಜಾಸ್ತಿ ಇಂಧನ ಬೇಕು, ಅದನ್ನು ಮೊದಲು ಮೇಲಕ್ಕೆ ಏರಿಸಲು ಇನ್ನೆಂಥ ರಾಕೆಟ್ ಬೇಕು ಯೋಚಿಸಿ. ಅದಕ್ಕೇ ಎಂಜಿನ್ ಉರಿಸಿ ಸೆಕೆಂಡಿಗೆ ಬರೀ 100 ಮೀಟರ್‌ನಷ್ಟು ವೇಗ ತಗ್ಗಿಸುತ್ತಾರೆ. ಮಿಕ್ಕಿದ್ದು ಗಾಳಿಯ ಕೆಲಸ, ಪುಕ್ಕಟೆ.

ಬಿಸಿ ಬರುವುದು ಘರ್ಷಣೆಯಿಂದ ಅಂತ ಸುಮ್ನೆ ಹೇಳಿಬಿಡುತ್ತಾರೆ, ಅದು ಪೂರ್ತಿ ಸರಿಯಲ್ಲ. ಮುಂದಿರುವ ಗಾಳಿಗೆ ಪಕ್ಕಕ್ಕೆ ಸರಿಯಲು ಸಮಯವೇ ಸಿಗದೆ ಅದು ಒತ್ತಿಕೊಂಡು ಬಿಸಿಯಾಗುತ್ತದೆ, ಸೈಕಲ್ ಪಂಪ್ ಹೊಡೆಯುವಾಗ ತುದಿ ಬಿಸಿಯಾಗುತ್ತಲ್ವಾ, ಹಾಗೆ. ನೌಕೆಯ ತಳ ಮೊಂಡಾಗಿರುವುದೂ ಇದಕ್ಕೇ: ಕಾದ ಗಾಳಿ ಮೈಗೆ ಅಂಟದೆ ಸ್ವಲ್ಪ ದೂರದಲ್ಲೇ ನಿಲ್ಲುತ್ತದೆ, ಬಿಸಿ ಬಹುಪಾಲು ಗಾಳಿಯಲ್ಲೇ ಹೋಗುತ್ತದೆ. ಉಳಿದದ್ದನ್ನು ತಳದ ಕವಚ ತಾನೇ ಸುಟ್ಟು ಸವೆದು ಹೊತ್ತೊಯ್ಯುತ್ತದೆ.

ಚಂದ್ರನಿಂದ ಮರಳಿದ ಅಪೊಲೊ ನೌಕೆಗಳದ್ದು ಸೆಕೆಂಡಿಗೆ ಸುಮಾರು 11 ಕಿ.ಮೀ. ವೇಗ. ವೇಗ ಒಂದೂವರೆ ಪಟ್ಟೂ ಇಲ್ಲ, ಕಳೆಯಬೇಕಾದ ಶಕ್ತಿ ಮಾತ್ರ ಎರಡು ಪಟ್ಟು, ಯಾಕೆಂದರೆ ಶಕ್ತಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ.